ಊಟ ಬಿಟ್ಟ ಮುದ್ದೆ

ಸದರ್ನ್ ರಿವರ್, ಪರ್ತ್
15 ಜೂನ್ 2025

ಚಿರಂಜೀವಿ ಚಂದ್ರಮೌಳಿಗೆ,

ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ, ವಾಟ್ಸಾಪಿನಲ್ಲೂ ಮಾಡಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿಯನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ, ಆದ್ದರಿಂದ ಈ ಕಾಗದ. ಹರಿದುಹಾಕುವ ಮುಂಚೆ ಇಷ್ಟು ಓದಿಬಿಡು: ಇಲ್ಲಿ ನಾನು ಕ್ಷೇಮ, ಹಾವು ಕ್ಷೇಮವಿಲ್ಲ.

ಯಾವ ಹಾವು ಎಂದು ಮಾತ್ರ ಕೇಳಬೇಡ. ಆರು ವರ್ಷದ ಹಿಂದೆ ನಿನ್ನ ಅಕ್ಕ ಸುಮತಿ ತೀರಿಕೊಂಡಾಗ, ಸ್ಪಂದನಾ ಕೋಣೆಯ ಬಾಗಿಲು ಹಾಕಿಕೊಂಡು ಕೂತಾಗ, ‘ಭಾವ, ಮಗೂಗೆ ಒಂದು ಪ್ರಾಣಿ ತಂದುಕೊಡಿ’ ಎಂದವನು ನೀನು. ನಾನು ಬೆಕ್ಕು ಎಂದುಕೊಂಡೆ. ಹೆಚ್ಚೆಂದರೆ ಗಿಣಿ. ಬಂದದ್ದು ಹೆಬ್ಬಾವು, ಅದೂ ಸರ್ಕಾರದ ಲೈಸೆನ್ಸಿನ ಸಮೇತ. ಆಗ ಪೆನ್ಸಿಲ್ ಡಬ್ಬಿಯಲ್ಲಿ ಹಿಡಿಸುತ್ತಿತ್ತು. ಈಗ ನನಗಿಂತ ಉದ್ದ, ನನ್ನ ತೋಳಿಗಿಂತ ದಪ್ಪ, ಎರಡು ಕೈಯಲ್ಲಿ ಎತ್ತಿದರೆ ಸೊಂಟ ಹಿಡಿಯುತ್ತದೆ. ಸುತ್ತಿಕೊಂಡು ಕೂತರೆ ಥೇಟ್ ತಟ್ಟೆಯಲ್ಲಿಟ್ಟ ರಾಗಿಮುದ್ದೆ. ಅವಳು ಅದಕ್ಕೆ ಮುದ್ದೆ ಎಂದೇ ಹೆಸರಿಟ್ಟಳು.

ಜನವರಿಯಲ್ಲಿ ನಿಮ್ಮ ಸನ್ನಿಬ್ಯಾಂಕಿನ ಹೋಟೆಲಿನಲ್ಲಿ ನಡೆದದ್ದನ್ನು ಮತ್ತೆ ಕೆದಕುವುದಿಲ್ಲ. ಮೂರು ವರ್ಷ ಓದಿದ ಮೆಡಿಕಲ್ ಬಿಟ್ಟು ಪಶುವೈದ್ಯ ಓದುತ್ತೇನೆ ಎಂದು ಮಗಳು ಊಟದ ಮಧ್ಯೆ ಹೇಳಿದರೆ, ಯಾವ ತಂದೆಯ ಬಾಯಲ್ಲಿ ಸಂಸ್ಕೃತ ಶ್ಲೋಕ ಬರುತ್ತದೆ? ‘ನಿಮ್ಮ ಮಾಮನ ಹಾಗೆ ದನದ ಡಾಕ್ಟರಾಗ್ತೀಯಾ’ ಎಂದೆ. ನೀನು ನೂಡಲ್ಸ್ ಅರ್ಧಕ್ಕೆ ಬಿಟ್ಟು ಎದ್ದುಹೋದೆ. ಅವಳು ಫೆಬ್ರವರಿಯಲ್ಲಿ ಅಡಿಲೇಡಿಗೆ ಹೋದಳು.

ಏರ್‌ಪೋರ್ಟಿನಲ್ಲಿ ಅವಳು ಹೇಳಿದ್ದು ಇಷ್ಟೇ. ‘ಮುದ್ದೇನ ನೋಡ್ಕೋ ಅಪ್ಪ. ಹಾವು ಇಟ್ಕೊಳ್ಳೋಕೆ ಬಿಡೋ ಮನೆ ಸಿಕ್ಕ ತಕ್ಷಣ ಬಂದು ಕರ್ಕೊಂಡ್ ಹೋಗ್ತೀನಿ. ಅದಕ್ಕೇನಾದ್ರೂ ಆದ್ರೆ ಆ ಮನೆಗೆ ಬರೋಕೆ ನಂಗೆ ಏನೂ ಇರಲ್ಲ.’ ಅಪ್ಪ ಅಂತ ಒಬ್ಬ ಇರ್ತಾನಲ್ಲ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಸೂಟ್‌ಕೇಸಿನ ತೂಕ ನೋಡುತ್ತಿದ್ದಳು.

ಅಂದಿನಿಂದ ನಮ್ಮಿಬ್ಬರ ವ್ಯವಹಾರ ಹೀಗಿದೆ: ಪ್ರತಿ ಭಾನುವಾರ ನಾನು ಮುದ್ದೆಯ ಫೋಟೋ ಕಳಿಸುತ್ತೇನೆ, ಅವಳು ಒಂದು ಹೆಬ್ಬೆರಳು ಕಳಿಸುತ್ತಾಳೆ. ಹಳದಿ ಬಣ್ಣದ, ಮೇಲಕ್ಕೆತ್ತಿದ ಹೆಬ್ಬೆರಳು. ವಾರಕ್ಕೊಂದು. ಆ ಹೆಬ್ಬೆರಳಿನ ಮೇಲೆ ನನ್ನ ವಾರ ನಿಂತಿದೆ.

ಈಗ ಮುದ್ದೆ ಊಟ ಬಿಟ್ಟಿದೆ. ಏಪ್ರಿಲ್ ಕೊನೆಯಲ್ಲಿ ತಿಂದದ್ದೇ ಕೊನೆ. ನಿನ್ನ ಅಕ್ಕ ಕಾಯಿತುರಿ, ಹಿತಕಿದ ಅವರೆಬೇಳೆ ಇಡುತ್ತಿದ್ದ ಫ್ರೀಜರಿನಲ್ಲಿ ಈಗ ಇಲಿಗಳು ಸಾಲಾಗಿ ಮಲಗಿವೆ. ಮೊಟ್ಟೆಯೂ ಹೊಸ್ತಿಲು ದಾಟದ ನಮ್ಮ ಮನೆಯಲ್ಲಿ ನಾನು ಲಿಂಗಪೂಜೆ ಮುಗಿಸಿ, ಇಕ್ಕಳದಲ್ಲಿ ಇಲಿ ಹಿಡಿದು, ‘ಬಾ ಕಂದ, ಒಂದೇ ತುತ್ತು’ ಎಂದು ಕರೆಯುತ್ತೇನೆ. ಅದು ಮುಖ ತಿರುಗಿಸುತ್ತದೆ. ನಮ್ಮ ಮನೆಯ ಹೆಣ್ಣುಮಕ್ಕಳ ಅಭ್ಯಾಸವನ್ನೇ ಕಲಿತಿದೆ.

ನಾನು ಮನುಷ್ಯರ ಶ್ವಾಸಕೋಶ ನೋಡುವ ಡಾಕ್ಟರು. ಹಾವಿನ ಹೊಟ್ಟೆ ನನಗೆ ಗೊತ್ತಿಲ್ಲ. ಏನು ಮಾಡಲಿ ಹೇಳು. ಅದು ಸತ್ತರೆ ಮಗಳು ಬರುವುದಿಲ್ಲ ಚಂದ್ರು.

ಇಂತಿ, ನೀನು ಮುಖ ನೋಡಲೊಲ್ಲದ ಭಾವ,
ನಂಜುಂಡಪ್ಪ

•

ಸನ್ನಿಬ್ಯಾಂಕ್, ಬ್ರಿಸ್ಬೇನ್
27 ಜೂನ್ 2025

ಭಾವನವರಿಗೆ ದನದ ಡಾಕ್ಟರ ನಮಸ್ಕಾರಗಳು.

ಹೆಬ್ಬಾವುಗಳು ಚಳಿಗಾಲದಲ್ಲಿ ಊಟ ಬಿಡುತ್ತವೆ. ಅದು ರೋಗವಲ್ಲ, ಮುನಿಸೂ ಅಲ್ಲ. ತಿಂಗಳುಗಟ್ಟಲೆ ಉಪವಾಸ ಕೂತು, ಬಿಸಿಲು ಬಂದಾಗ ತಾನೇ ಬಾಯಿ ತೆರೆಯುತ್ತವೆ. ನಿಮ್ಮ ಮುದ್ದೆಯ ಮೈಯಲ್ಲಿ ಬೇಕಾದಷ್ಟು ಕೊಬ್ಬಿದೆ. ಪೆಟ್ಟಿಗೆಯ ಒಂದು ಮೂಲೆ ಬೆಚ್ಚಗಿರಲಿ, ಕಾವು ಕೊಡುವ ದೀಪ ಆರದಿರಲಿ, ಕುಡಿಯುವ ನೀರು ಇರಲಿ. ಒದ್ದೆ ಮಾಡಬೇಡಿ, ಮುಟ್ಟಬೇಡಿ, ಇಲಿ ಹಿಡಿದು ಕುಣಿಸಬೇಡಿ.

ಒಟ್ಟಿನಲ್ಲಿ ನೀವು ಮಾಡಬೇಕಾದ ಕೆಲಸ ಏನೂ ಮಾಡದೆ ಇರುವುದು. ನಿಮ್ಮ ಕೈಲಿ ಆಗುತ್ತದೋ ಇಲ್ಲವೋ ಕಾಣೆ. ಮಗಳ ವಿಷಯದಲ್ಲಿ ಆಗಲಿಲ್ಲ.

ಅವಳಿಗೇ ಒಂದು ಮಾತು ಬರೆಯಿರಿ, ಮುದ್ದೆ ತಿನ್ನುತ್ತಿಲ್ಲ ಅಂತ. ಅವಳೂ ಇದನ್ನೇ ಹೇಳುತ್ತಾಳೆ. ಈ ನೆಪದಲ್ಲಾದರೂ ಮಾತಾಡಿದ ಹಾಗಾಗುತ್ತದೆ.

ಬ್ಲಾಕ್ ತೆಗೆದಿಲ್ಲ. ಇದು ಹಾವಿಗೋಸ್ಕರ ಬರೆದ ಕಾಗದ.

ಚಂದ್ರಮೌಳಿ

•

ಸದರ್ನ್ ರಿವರ್, ಪರ್ತ್
6 ಆಗಸ್ಟ್ 2025

ಚಂದ್ರು,

ನೀನು ಬರೆದ ಹಾಗೆಯೇ ನಡೆದುಕೊಂಡೆ, ಹೆಚ್ಚುಕಮ್ಮಿ ಜುಲೈ ಪೂರ್ತಿ. ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು, ಕೈಕಟ್ಟಿ, ಏನೂ ಮಾಡದೆ ಕೂತೆ. ಏನೂ ಮಾಡದೆ ಇರುವುದು ಎಂಥ ದುಡಿಮೆ ಎಂದು ನಿನಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ರೋಗಿಗೆ ವೆಂಟಿಲೇಟರ್ ಹಚ್ಚಿ ಕಾಯುವಾಗಲೂ ನಾನು ಇಷ್ಟು ದಣಿದವನಲ್ಲ.

ಹಾಗೆಯೇ ಕೂತಿದ್ದರೆ ಆಗುತ್ತಿತ್ತು. ಪಂಚಮಿ ಬಂತು.

ನಗಬೇಡ. ನಾಗರಪಂಚಮಿಯ ದಿನ ರಜೆ ಹಾಕಿದ್ದೆ. ದೇವರ ಗೂಡಿನಲ್ಲಿ ನಿನ್ನ ಅಕ್ಕನ ಬೆಳ್ಳಿ ನಾಗಪ್ಪ ಸಿಕ್ಕಿತು. ಅವಳು ಅದಕ್ಕೆ ತನಿ ಎರೆಯುತ್ತಿದ್ದದ್ದು, ಅಕ್ಕತಂಗಿಯರ ಪದ್ಧತಿಯಂತೆ ಹಾಲಿನಲ್ಲಿ ನಿನ್ನ ಬೆನ್ನು ತೊಳೆಯಲು ಬ್ರಿಸ್ಬೇನಿಗೆ ಬರುತ್ತಿದ್ದದ್ದು, ನೀನು ಅಂಗಿ ಬಿಚ್ಚಲು ನಾಚುತ್ತಿದ್ದದ್ದು, ಎಲ್ಲ ನೆನಪಾಯಿತು. ಇಲ್ಲಿ ಮನೆಯಲ್ಲಿ ನಿಜವಾದ ನಾಗಪ್ಪ ಉಪವಾಸ ಕೂತಿದ್ದಾನೆ, ನಾನು ಬೆಳ್ಳಿಗೆ ಹಾಲೆರೆಯಲೇ ಅನ್ನಿಸಿತು. ವಿಜ್ಞಾನದಿಂದ ಆಗದ ಕೆಲಸವನ್ನು ಸುಮತಿಯ ಕೈಗುಣವಾದರೂ ಮಾಡಲಿ ಎಂದುಕೊಂಡೆ. ನಂಬಿಕೆಯಿಂದಲ್ಲ ಚಂದ್ರು. ಬೇರೆ ಏನೂ ತೋಚಲಿಲ್ಲ.

ದೀಪಕ್ಕೆ ನೀರು ಸಿಡಿದರೆ ಒಡೆದೀತೆಂದು ಪೆಟ್ಟಿಗೆಯ ದೀಪ ಆರಿಸಿದೆ. ಒಂದು ಲೋಟ ಹಾಲು, ಮೇಲೆ ಅರ್ಧ ಚಮಚ ತುಪ್ಪ. ಹಾಲು ಫ್ರಿಜ್ಜಿನದು. ಹೆಡೆಯಿಲ್ಲದ ಆ ತಲೆಯ ಮೇಲೆ ನಿಧಾನವಾಗಿ ಎರೆದೆ. ಅದು ತಲೆ ಎತ್ತಿ ನನ್ನನ್ನೇ ನೋಡಿತು. ಮೂಗಿನ ಹೊಳ್ಳೆಯೊಳಗೆ ಹಾಲು ಇಳಿಯುವುದನ್ನು ನಾನೂ ನೋಡಿದೆ. ಆಮೇಲೆ ಜಿಡ್ಡು ಹೋಗಲೆಂದು ನಲ್ಲಿ ನೀರಿನಲ್ಲಿ ತೊಳೆದೆ. ಹೊರಗೆ ಪರ್ತಿನ ಜುಲೈ ಚಳಿಗಾಳಿ. ಕುಂಕುಮ ಇಟ್ಟು, ಕೈಮುಗಿದು, ಒಳಗೆ ಬಿಟ್ಟೆ. ದೀಪ ಹಾಕುವುದನ್ನು ಮರೆತೆ. ಮಾರನೆಯ ಬೆಳಿಗ್ಗೆ ಮುಟ್ಟಿದರೆ ಮೈ ಕಲ್ಲಿನಂತೆ ತಣ್ಣಗಿತ್ತು.

ಶನಿವಾರದ ಹೊತ್ತಿಗೆ ಸದ್ದು ಶುರುವಾಯಿತು. ಉಸಿರಿನೊಳಗೆ ಚಿಟ್ ಚಿಟ್ ಎನ್ನುವ ಸದ್ದು, ಮೂಗಿನ ತುದಿಯಲ್ಲಿ ಗುಳ್ಳೆ. ಸ್ಟೆಥಸ್ಕೋಪ್ ಇಟ್ಟು ಕೇಳಿದೆ. ಜೀವಮಾನವಿಡೀ ಮನುಷ್ಯರ ಎದೆಯಲ್ಲಿ ಕೇಳಿದ ಸದ್ದೇ. ಶ್ವಾಸಕೋಶ ತಜ್ಞ ಡಾ. ನಂಜುಂಡಪ್ಪನವರು ತಮ್ಮ ಅಮೃತಹಸ್ತದಿಂದ ಹಾವಿಗೆ ನ್ಯುಮೋನಿಯಾ ತರಿಸಿದ್ದಾರೆ. ಈ ಸಾಧನೆಗೆ ಯಾವ ಸಂಘದವರಾದರೂ ಶಾಲು ಹೊದೆಸಬೇಕು.

ನಿನ್ನ ಅಕ್ಕ ಕಸೂತಿ ಹಾಕಿದ ದಿಂಬಿನ ಚೀಲದೊಳಗೆ ಅದನ್ನು ಹಾಕಿಕೊಂಡು, ಕಾರಿನ ಹೀಟರ್ ಪೂರ್ತಿ ತಿರುಗಿಸಿ, ಸ್ವಾನ್ ವ್ಯಾಲಿಯ ಕಡೆ ಹಾವು ನೋಡುವ ವೆಟ್ ಡಾಕ್ಟರ್ ಹುಡುಗಿಯೊಬ್ಬಳ ಬಳಿಗೆ ಹೋದೆ. ದಾರಿಯುದ್ದಕ್ಕೂ ಜನ ದ್ರಾಕ್ಷಿತೋಟಗಳಲ್ಲಿ ವೈನ್ ರುಚಿ ನೋಡುತ್ತಿದ್ದರು. ಆ ಹುಡುಗಿ ಎಕ್ಸ್‌ರೇ ತೆಗೆದಳು. ಹಾವಿಗೆ ಮನುಷ್ಯರಿಗಿರುವ ವಪೆ, ಅಂದರೆ ಡಯಾಫ್ರಂ, ಇಲ್ಲ, ಆದ್ದರಿಂದ ಕೆಮ್ಮಲಾರದು, ಒಳಗೆ ಕಟ್ಟಿದ್ದು ಒಳಗೇ ಉಳಿಯುತ್ತದೆ ಎಂದು ನನಗೆ ಪಾಠ ಹೇಳಿದಳು. ಮೂರು ದಿನಕ್ಕೊಮ್ಮೆ ಚುಚ್ಚಲು ಇಂಜೆಕ್ಷನ್ ಕೊಟ್ಟಿದ್ದಾಳೆ. ಕಾದು ನೋಡೋಣ ಎಂದಳು. ಆ ಮಾತನ್ನು ಎಂಥ ಎಕ್ಸ್‌ರೇ ಕಂಡಾಗ ಹೇಳುತ್ತಾರೆಂದು ನನಗೆ ಗೊತ್ತು, ನಾನೂ ಹೇಳುವವನೇ.

ಭಾನುವಾರ ಬಂತು. ಗುಳ್ಳೆಯೊಡೆಯುವ ಮೂಗಿನ ಫೋಟೋವನ್ನು ಹೇಗೆ ಕಳಿಸಲಿ? ಫೋನಿನಲ್ಲಿದ್ದ ಹಳೆಯದೊಂದನ್ನು ಕಳಿಸಿದೆ. ಹೆಬ್ಬೆರಳು ಬಂತು. ಅದನ್ನು ನೋಡಿಕೊಂಡು ಅಡುಗೆಮನೆಯಲ್ಲಿ ನಿಂತೇ ಇದ್ದೆ.

ಅವಳು ನಿನ್ನನ್ನು ಕೇಳಿದರೆ ಏನೂ ಹೇಳಬೇಡ. ಸರಿಹೋಗುತ್ತದೆ. ಸರಿಹೋದ ಮೇಲೆ ನಾನೇ ಹೇಳುತ್ತೇನೆ. ಕೈಮುಗಿಯುತ್ತೇನೆ.

ನಂಜುಂಡಪ್ಪ

•

ಸನ್ನಿಬ್ಯಾಂಕ್
14 ಆಗಸ್ಟ್ 2025

ಭಾವ,

ಬೈಯಬೇಕೆಂದು ಕೂತೆ. ನಾನು ಅಂಗಿ ಬಿಚ್ಚಲು ನಾಚುತ್ತಿದ್ದದ್ದನ್ನು ಬರೆದು ನನ್ನ ಅರ್ಧ ಸಿಟ್ಟು ಇಳಿಸಿದಿರಿ, ಅದು ನಿಮ್ಮ ಹಳೇ ಚಾಳಿ. ಉಳಿದರ್ಧ ಇಲ್ಲಿದೆ.

ಆ ವೆಟ್ ಮಾಡುತ್ತಿರುವುದು ಸರಿ. ಬೆಚ್ಚಗಿಡಿ, ಇಂಜೆಕ್ಷನ್ ತಪ್ಪಿಸಬೇಡಿ. ಹಾಲಿನಿಂದಲೇ ಆಯಿತೋ, ಅದಕ್ಕೂ ಮುಂಚೆ ಒಳಗೇನಾದರೂ ಇತ್ತೋ, ಹೇಳಲು ಬರುವುದಿಲ್ಲ. ಇದನ್ನು ನಿಮಗೆ ಸಮಾಧಾನಕ್ಕೆ ಬರೆಯುತ್ತಿಲ್ಲ. ನೀವೂ ಈ ಮಾತನ್ನು ಎಷ್ಟೋ ಮನೆಯವರಿಗೆ ಹೇಳಿದ್ದೀರಿ, ಅದರ ಬೆಲೆ ಎಷ್ಟೆಂದು ನಿಮಗೇ ಗೊತ್ತು.

ಇನ್ನು ಸ್ಪಂದನಾ ವಿಷಯ. ಅಕ್ಕ ಆಸ್ಪತ್ರೆ ಸೇರಿದ ಆ ರಜೆಯಲ್ಲಿ ಮಗುವನ್ನು ನನ್ನ ಮನೆಗೆ ಕಳಿಸಿದಿರಿ. ‘ಸ್ವಲ್ಪ ಕೆಮ್ಮು, ಸರಿಹೋಗುತ್ತೆ’ ಅಂದಿರಿ. ಅವಳು ಇಲ್ಲಿ ನನ್ನ ಕ್ಲಿನಿಕ್ಕಿನಲ್ಲಿ ಹೆಬ್ಬಾವೊಂದನ್ನು ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಂಡು ‘ಅಮ್ಮಂಗೆ ಕಳ್ಸು ಮಾಮ’ ಅಂದಳು. ಕಳಿಸಿದೆ. ಅದನ್ನು ನೋಡುವ ಸ್ಥಿತಿಯಲ್ಲಿ ಅಕ್ಕ ಇರಲಿಲ್ಲ ಎಂದು ನಿಮಗೆ ಗೊತ್ತಿತ್ತು, ನನಗೂ ಅಂದಾಜಿತ್ತು. ನಾವಿಬ್ಬರೂ ದೊಡ್ಡವರು, ಇಬ್ಬರೂ ಡಾಕ್ಟರುಗಳು, ಅವಳೊಬ್ಬಳನ್ನು ಹೊರಗಿಟ್ಟೆವು.

ಎರಡನೆಯ ಸಲ ನನ್ನಿಂದ ಆಗುವುದಿಲ್ಲ. ಅವಳು ಕೇಳಿದರೆ ಹೇಳುತ್ತೇನೆ. ಅದಕ್ಕೆ ಮುಂಚೆ ನೀವು ಹೇಳಿ.

ಚಂದ್ರು

•

ಅಡಿಲೇಡ್
18 ಆಗಸ್ಟ್ 2025

ಅಪ್ಪ,

ಕನ್ನಡದಲ್ಲಿ ಬರೆದು ತುಂಬಾ ದಿನ ಆಯ್ತು. ಅಮ್ಮ ಭಾನುವಾರ ಕೂರಿಸಿ ಕಲಿಸಿದ್ದಷ್ಟೇ ಬರೋದು. ತಪ್ಪಿದ್ರೆ ತಿದ್ದಿ ವಾಪಸ್ ಕಳಿಸಬೇಡ, ನೀನು ಕಳಿಸೋನೇ.

ಮೂರು ವಾರದಿಂದ ಕಳಿಸ್ತಿರೋ ಫೋಟೋ ಯಾವುದೂ ಈಗಿಂದಲ್ಲ. ಮೊದಲನೇದು ನೋಡಿ ಏನೋ ಅನ್ನಿಸ್ತು, ಸುಮ್ಮನಾದೆ. ನಿನ್ನೆ ಕಳಿಸಿದ್ದರಲ್ಲಿ ಮೂಲೇಲಿ ಒಂದು ಕಾಲಿದೆ ಅಪ್ಪ. ಉಗುರಿಗೆ ನೀಲಿ ಬಣ್ಣ ಹಾಕಿದೆ. ಅದು ನನ್ನ ಕಾಲು. ನಾನು ಅಡಿಲೇಡಲ್ಲಿದ್ದೀನಿ.

ಮೊದಲು ನಗು ಬಂತು. ಫ್ಲಾಟ್‌ಮೇಟ್ ರಂಜನಿಗೆ ತೋರಿಸಿದೆ, ‘ನಿಮ್ಮಪ್ಪ ಕಳ್ಳತನಕ್ಕೆ ಲಾಯಕ್ಕಿಲ್ಲ ಕಣೇ’ ಅಂದ್ಲು. ಆಮೇಲೆ ನಗು ನಿಂತೋಯ್ತು. ನೀನು ಹಳೇ ಫೋಟೋ ಕಳಿಸ್ತೀಯ ಅಂದ್ರೆ ಹೊಸದು ತೆಗೆಯೋ ಹಾಗಿಲ್ಲ ಅಂತ ಅರ್ಥ.

ಸತ್ತೋಗಿದ್ರೆ ಸತ್ತೋಗಿದೆ ಅಂತ ಬರಿ. ಬದುಕಿದ್ರೆ ಹೇಗಿದೆ ಅಂತ ಬರಿ. ಫೋನ್ ಮಾಡಬೇಡ. ಫೋನಲ್ಲಿ ನೀನು ಸರಿಹೋಗತ್ತೆ ಅಂತೀಯ, ನಿನ್ನ ದನಿ ಕೇಳಿದ್ರೆ ನಾನು ನಂಬಿಬಿಡ್ತೀನಿ. ಒಂದ್ಸಲ ಹಾಗೆ ನಂಬಿ ಚಂದ್ರು ಮಾಮನ ಮನೇಲಿ ದೋಸೆ ತಿಂತಾ ಕೂತಿದ್ದೆ. ಕಾಗದದಲ್ಲಿ ನಿನಗೆ ಸುಳ್ಳು ಬರಲ್ಲ. ಅಮ್ಮ ಹಂಗೇ ಹೇಳ್ತಿದ್ಲು.

ಒಂದು ಪ್ರಶ್ನೆ. ಅಮ್ಮನ್ನ ಆಸ್ಪತ್ರೆಗೆ ಸೇರಿಸಿ ನನ್ನನ್ನ ಬ್ರಿಸ್ಬೇನ್ ವಿಮಾನ ಹತ್ತಿಸಿದ ದಿನ ನಿನಗೆ ಗೊತ್ತಿತ್ತಾ?

ಸ್ಪಂದನಾ

•

ಸದರ್ನ್ ರಿವರ್, ಪರ್ತ್
22 ಆಗಸ್ಟ್ 2025
ಎಕ್ಸ್‌ಪ್ರೆಸ್ ಪೋಸ್ಟ್

ಮಗಳೇ,

ಗೊತ್ತಿತ್ತು.

ಇನ್ನು ಮುದ್ದೆಯ ವಿಷಯ, ಆಸ್ಪತ್ರೆಯಲ್ಲಿ ಬರೆಯುವ ಹಾಗೆಯೇ ಬರೆಯುತ್ತೇನೆ, ಬೇರೆ ರೀತಿ ಬರೆದರೆ ನನ್ನ ಕೈ ಸಿಹಿ ಸೇರಿಸಿಬಿಡುತ್ತದೆ. ಬದುಕಿದೆ. ನ್ಯುಮೋನಿಯಾ ಆಗಿದೆ. ಕಾರಣ, ಪಂಚಮಿಯ ದಿನ ನಾನು ಅದಕ್ಕೆ ಫ್ರಿಜ್ಜಿನ ಹಾಲೆರೆದು, ತೊಳೆದು, ದೀಪ ಹಾಕದೆ ಬಿಟ್ಟದ್ದು. ಚಂದ್ರು ಮಾಮ ಬೇರೆ ಕಾರಣವೂ ಇರಬಹುದು ಎನ್ನುತ್ತಾನೆ. ನಾನು ಹಾಗೆ ಅಂದುಕೊಂಡಿಲ್ಲ. ಇಂಜೆಕ್ಷನ್ ನಡೆಯುತ್ತಿದೆ, ಚುಚ್ಚುವವನು ನಾನೇ. ಮೊದಲು ಸೂಜಿ ಚುಚ್ಚಿದರೆ ಬಾಲ ಕೊಡವುತ್ತಿತ್ತು. ಈ ವಾರ ಕೊಡವಲಿಲ್ಲ. ತಲೆಯನ್ನು ಮೇಲಕ್ಕೆತ್ತಿ, ಬಾಯಿ ತೆರೆದು ಉಸಿರಾಡುತ್ತಿದೆ. ಕೆಳಗಿಟ್ಟರೆ ಉಸಿರು ಕಟ್ಟುತ್ತದೆಯೇನೋ, ಗೋಡೆಗೆ ಒರಗಿಸಿಕೊಂಡೇ ಇರುತ್ತದೆ. ನಿನ್ನ ಹಳೇ ಸ್ಕೂಲ್ ಸ್ವೆಟರ್ ಸುತ್ತಿ ಒರಗು ಮಾಡಿಕೊಟ್ಟಿದ್ದೇನೆ. ಅದಕ್ಕೆ ಇಷ್ಟವಾಗಿದೆ ಎಂದು ನನ್ನ ಊಹೆ. ಇದೊಂದು ಊಹೆ, ಉಳಿದದ್ದು ಕಣ್ಣಲ್ಲಿ ಕಂಡದ್ದು.

ಸರಿಹೋಗುತ್ತದೆ ಎಂದು ಬರೆಯುವುದಿಲ್ಲ. ಬರೆಯಲು ಮೂರು ಸಲ ಪೆನ್ನು ಎತ್ತಿದೆ.

ಆಸ್ಪತ್ರೆಯಲ್ಲಿ ಇಂಥ ರೋಗಿಯ ಮನೆಯವರಿಗೆ ನಾನು ಒಂದು ಮಾತು ಹೇಳುವುದುಂಟು. ನನ್ನ ಮನೆಯವರಿಗೆ ಹೇಳಲು ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ. ನೋಡಬೇಕೆಂದಿದ್ದರೆ ಈಗ ಬಾ.

ಬಂದಮೇಲೆ ಈ ಮನೆಗೆ ಮತ್ತೆ ಬರುವುದಿಲ್ಲ ಎಂದರೆ, ಅದನ್ನೂ ಆಗ ಹೇಳು.

ಅಪ್ಪ

•

ಸದರ್ನ್ ರಿವರ್, ಪರ್ತ್
21 ಸೆಪ್ಟೆಂಬರ್ 2025, ಭಾನುವಾರ

ಚಂದ್ರು,

ನೀನು ಬ್ಲಾಕ್ ತೆಗೆದಿದ್ದೀಯ ಎಂದು ಗೊತ್ತು. ನಿನ್ನ ಪ್ರೊಫೈಲ್ ಫೋಟೋ ಮತ್ತೆ ಕಾಣುತ್ತಿದೆ, ಹೊಟ್ಟೆ ಬಂದಿದೆ. ಆದರೂ ಕಾಗದವೇ ಬರೆಯುತ್ತೇನೆ. ಯಾಕೆಂದು ನಿನ್ನ ಸೊಸೆಯನ್ನು ಕೇಳು.

ಅವಳು ನನ್ನ ಕಾಗದ ತಲುಪಿದ ಮಾರನೆಯ ದಿನವೇ ಬಂದಳು. ಒಂದು ಬೆನ್ನುಚೀಲ, ಕಾಲಲ್ಲಿ ಸಗಣಿ ಮೆತ್ತಿದ ಗಮ್‌ಬೂಟು. ಕೊಟ್ಟಿಗೆಯ ಪ್ರಾಕ್ಟಿಕಲ್ ಮುಗಿಸಿ ನೇರ ಏರ್‌ಪೋರ್ಟಿಗೆ ಹೋಗಿದ್ದಳಂತೆ. ಪೆಟ್ಟಿಗೆಯ ಮುಂದೆ ಕೂತು, ಅದರ ಬಾಯೊಳಗೆ ನೋಡಿ, ಮೈ ಸವರಿ, ಕೇಳಿದಳು.

‘ತುಪ್ಪಾನೂ ಹಾಕಿದ್ಯಾ?’

‘ಅರ್ಧ ಚಮಚ.’

‘ಒಗ್ಗರಣೆ ಒಂದು ಬಾಕಿ ಇತ್ತಲ್ಲಪ್ಪ’ ಎಂದಳು. ನಕ್ಕಳು. ನಗು ಎಲ್ಲಿ ಅಳುವಾಯಿತೆಂದು ನನಗೆ ತಿಳಿಯಲಿಲ್ಲ, ಸ್ವೆಟರಿನೊಳಗೆ ಮುಖ ಇಟ್ಟುಕೊಂಡಿದ್ದಳು.

ಆಮೇಲಿನ ದಿನಗಳಲ್ಲಿ ಅವಳು ಹಿಡಿದುಕೊಂಡಳು, ನಾನು ಚುಚ್ಚಿದೆ. ಒಮ್ಮೆ ಅವಳು ಚುಚ್ಚಿದಳು, ನಾನು ಹಿಡಿದುಕೊಂಡೆ. ನನಗಿಂತ ಅವಳ ಕೈ ಹಗುರ. ಅದನ್ನು ಹೇಳಬೇಕೆಂದುಕೊಂಡೆ, ಹೇಳಲಿಲ್ಲ, ಆಮೇಲೆ ಹೇಳಿದೆ. ‘ದನದ ಡಾಕ್ಟರ್ ಕೈ’ ಎಂದಳು. ನಿನ್ನ ಪರವಾಗಿ ತಗೊಂಡ ಸೇಡು, ಲೆಕ್ಕಕ್ಕೆ ಹಿಡಿದುಕೋ.

ಒಂದು ಮಧ್ಯಾಹ್ನ ಅದು ಹೋಯಿತು. ಅವಳ ತೊಡೆಯ ಮೇಲೆ, ಕಿಟಕಿಯ ಬಿಸಿಲಿನಲ್ಲಿ. ಹೋದದ್ದು ತಿಳಿಯಲೂ ಸಮಯ ಹಿಡಿಯಿತು, ಮೊದಲೇ ಕದಲದ ಪ್ರಾಣಿ. ನಾನು ಸ್ಟೆಥಸ್ಕೋಪ್ ಇಟ್ಟು ಕೇಳಿ, ಅವಳ ಕಿವಿಗೆ ಕೊಟ್ಟೆ. ಅವಳೂ ಕೇಳಿದಳು, ಅಂದರೆ, ಏನೂ ಕೇಳಿಸಲಿಲ್ಲ. ಆಗ ಮುದ್ದೆಯನ್ನು ತೊಡೆಯಿಂದ ಎತ್ತಿಡದೆಯೇ ಕೇಳಿದಳು, ‘ಅಮ್ಮಂದು ಹೇಗಿತ್ತು?’

ಹೇಳಿದೆ. ಮೊದಲಿಂದ ಹೇಳಿದೆ. ಅವಳು ಕಳಿಸಿದ ಹಾವಿನ ಫೋಟೋವನ್ನು ನಾನು ಅಮ್ಮನ ಮುಖದ ಮುಂದೆ ಹಿಡಿದದ್ದು, ಕಣ್ಣು ತೆರೆದದ್ದು, ಕಂಡಿತೋ ಇಲ್ಲವೋ ನನಗೆ ಗೊತ್ತಿಲ್ಲದ್ದು. ಕಂಡಿತು ಎನ್ನಲು ನಾಲಗೆ ತುದಿಗೆ ಬಂದಿತ್ತು ಚಂದ್ರು. ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿದಳು.

ಹಿತ್ತಲಿನ ಕರಿಬೇವಿನ ಗಿಡದ ಬಳಿ ಗುಂಡಿ ತೆಗೆದೆವು. ಇಲ್ಲಿಯದೆಲ್ಲ ಮರಳು, ಬದಿ ಕುಸಿಯುತ್ತಲೇ ಇತ್ತು. ನಮ್ಮವರನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ನಿನ್ನ ಅಕ್ಕನನ್ನು ಪೆಟ್ಟಿಗೆಯಲ್ಲಿ ಮಲಗಿಸಿಯೇ ಕಳಿಸಬೇಕಾಯಿತು. ‘ಇದಕ್ಕಾದ್ರೂ ಸರಿಯಾಗಿ ಮಾಡೋಣ’ ಎಂದು ಸ್ಪಂದನಾ ಅದನ್ನು ಸುತ್ತಿ, ನಡುವೆ ತಲೆ ಇಟ್ಟು, ಕೂರಿಸಿದಳು. ಹುಟ್ಟಿದಾಗಿನಿಂದ ಕೂತೇ ಇದ್ದ ಜೀವ, ಸ್ವಲ್ಪವೂ ತೊಂದರೆ ಕೊಡಲಿಲ್ಲ. ನಾನು ವಿಭೂತಿ ಇಟ್ಟೆ. ಹಾಲಿನ ಲೋಟ ಮಾತ್ರ ನನ್ನ ಕೈಗೆ ಕೊಡಲಿಲ್ಲ ಅವಳು.

ಕಳೆದ ಭಾನುವಾರ ಅಡಿಲೇಡಿಗೆ ಹೊರಟಳು. ಏರ್‌ಪೋರ್ಟಿನಲ್ಲಿ ಮತ್ತೆ ಬರುತ್ತೀಯಾ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಲಿಗಳನ್ನು ಸ್ವಾನ್ ವ್ಯಾಲಿಯ ಹುಡುಗಿಗೆ ಕೊಟ್ಟು ಬಂದೆ. ಫ್ರೀಜರ್ ತೊಳೆದೆ. ಏನಿಡುವುದೆಂದು ತಿಳಿಯದೆ ಖಾಲಿ ಬಿಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಅಭ್ಯಾಸಬಲದಿಂದ ಫೋನ್ ಹಿಡಿದು ಪೆಟ್ಟಿಗೆಯ ಮುಂದೆ ಹೋಗಿ ನಿಂತೆ. ದೀಪ ಉರಿಯುತ್ತಿತ್ತು, ನಾನೇ ಆರಿಸಿರಲಿಲ್ಲ. ಕಳಿಸಲು ಏನೂ ಇರಲಿಲ್ಲ. ಹೆಬ್ಬೆರಳು ಬರುವುದಕ್ಕೂ ಕಾರಣವಿರಲಿಲ್ಲ. ಭಾನುವಾರಗಳು ಇನ್ನು ಮುಂದೆ ಹೀಗೇ ಎಂದುಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತೆ, ಜುಲೈನಲ್ಲಿ ಕೂತ ಹಾಗೆ, ಕೈಕಟ್ಟಿ, ಏನೂ ಮಾಡದೆ.

ಹಾಗೆ ಕೂತಿದ್ದಾಗ ಫೋನ್ ಸದ್ದು ಮಾಡಿತು. ಅಡಿಲೇಡಿನಿಂದ ಒಂದು ಫೋಟೋ. ಯಾವುದೋ ಕೊಟ್ಟಿಗೆ, ಮೂಲೆಯಲ್ಲಿ ಒಂದು ಹಸುವಿನ ಬಾಲ, ನಡುವೆ ಗಮ್‌ಬೂಟಿನಿಂದ ಹೊರತೆಗೆದ ಒಂದು ಬರಿಗಾಲು. ಉಗುರಿಗೆ ನೀಲಿ ಬಣ್ಣ. ಕೆಳಗೆ ಬರೆದಿದ್ದಳು: ‘ಇವತ್ತಿಂದು. ಬೇಕಾದ್ರೆ ಹಸೂನ ಕೇಳು.’

ನಾನು ಒಂದು ಹೆಬ್ಬೆರಳು ಕಳಿಸಿದೆ.

ನಿನ್ನ ಭಾವ,
ನಂಜುಂಡಪ್ಪ